ನಮ್ಮ ದಂಡೆಯ ಅಳತೆ

ನಮ್ಮೂರಿನಲ್ಲಿ ರಕ್ತ ಮೈಯಿಂದ ಹೊರಗೆ ಬಂದರೆ ಸುಮ್ಮನಿರುವುದಿಲ್ಲ, ಮಾತಾಡುತ್ತದೆ. ಒಳಗೆ ನಾವು ಯಾವುದನ್ನು ಅದುಮಿ ಇಟ್ಟಿರುತ್ತೇವೆಯೋ ಅದನ್ನೇ ನಮ್ಮದೇ ಧ್ವನಿಯಲ್ಲಿ, ಒಣಗುವ ತನಕ ಹೇಳುತ್ತದೆ. ಆದ್ದರಿಂದ ನಮ್ಮಲ್ಲಿ ಕ್ಷೌರದವನಿಗೆ ಮರ್ಯಾದೆ ಹೆಚ್ಚು. ಪೇಟೆಯ ಚಿನ್ನಪ್ಪನ ಅಂಗಡಿಯಲ್ಲಿ ರೇಡಿಯೋ ಯಾವಾಗಲೂ ಜೋರಾಗಿ ಹಾಡುತ್ತಿರುತ್ತದೆ. ಕತ್ತಿ ತಾಗಿತೋ, ಅವನು ಪಟಿಕ ಒತ್ತಿ ತಾನೂ ಹಾಡಿಗೆ ದನಿಗೂಡಿಸುತ್ತಾನೆ. ಹೆಣ್ಣು ನೋಡಲು ಹೊರಟವರು ಅಂದು ಗಡ್ಡ ಹೆರೆಸುವುದಿಲ್ಲ. ಮಕ್ಕಳು ಮಂಡಿ ತರಚಿಕೊಂಡು ಬಂದರೆ ತಾಯಂದಿರು ಮೊದಲು ಕಿವಿಗೊಡುತ್ತಾರೆ, ಆಮೇಲೆ ಗಾಯ ತೊಳೆಯುತ್ತಾರೆ. ಬೆಲ್ಲ ಕದ್ದವರು ಯಾರೆಂದು ಗೊತ್ತಾಗುವುದು ಹಾಗೆ. ರಕ್ತ ಕುಡಿದು ಗೋಡೆಯ ಮೇಲೆ ಕುಳಿತ ಸೊಳ್ಳೆಯೂ ಸಣ್ಣ ದನಿಯಲ್ಲಿ ಏನಾದರೂ ಗೊಣಗುತ್ತದೆ. ಅತ್ತೆ ಸೊಸೆ ಒಂದೇ ಕೋಣೆಯಲ್ಲಿ ಕುಳಿತಿದ್ದರೆ ಇಬ್ಬರೂ ಸೊಳ್ಳೆ ಹೊಡೆಯುವುದರಲ್ಲಿ ಬಹಳ ಚುರುಕು.

ಪೇಟೆಯವರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಆಸ್ಪತ್ರೆಯಲ್ಲಿ ರಕ್ತ ತೆಗೆಯುವವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಒಡಹುಟ್ಟಿದವರ ಮೇಲಿನ ಹೊಟ್ಟೆಕಿಚ್ಚು, ನೆರೆಮನೆಯವಳ ಮೇಲಿನ ಆಸೆ, ಇಂಥವನ್ನೇ ಪೇಟೆಯವರ ರಕ್ತ ಹೇಳುವುದು. ಕೇಳಿದವರು ನಾಲ್ಕು ದಿನ ನಗುತ್ತಾರೆ, ಮರೆಯುತ್ತಾರೆ.

ಹೊಳೆಯ ಕೆಳದಂಡೆಯ ನಮಗೆ ಅದು ಅಷ್ಟು ಹಗುರವಲ್ಲ. ನಾವು ಜೊಂಡು ಕೊಯ್ದು ಚಾಪೆ ಹೆಣೆಯುವ ಜನ. ನಮ್ಮಲ್ಲಿ ಸತ್ತವರ ಹೆಸರು ಹೇಳುವುದಿಲ್ಲ. ಸತ್ತವರು ಹೊಳೆ ದಾಟಿ ಆಚೆಯ ದಡ ಸೇರಬೇಕು. ಹೆಸರೆಂಬುದು ಅವರ ಸೊಂಟಕ್ಕೆ ಕಟ್ಟಿದ ಹಗ್ಗ; ಇಲ್ಲಿಂದ ಕರೆದರೆ ಹಗ್ಗ ಜಗ್ಗಿದಂತೆ. ಅವರು ನಡುಹೊಳೆಯಲ್ಲಿ ನಿಂತು ಹಿಂದಕ್ಕೆ ನೋಡುತ್ತಾರೆ, ಮುಂದಕ್ಕೆ ಹೆಜ್ಜೆ ಬರುವುದಿಲ್ಲ. ಅದೇ ಮನೆಯಲ್ಲಿ ಒಂದು ಮಗು ಹುಟ್ಟಿ ಅದಕ್ಕೆ ಆ ಹೆಸರು ಇಟ್ಟ ದಿನ ಹಗ್ಗ ಬಿಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಬಾಯಿ ಮುಚ್ಚಿರಬೇಕು. ಬಾಯಿ ಮುಚ್ಚಬಹುದು, ರಕ್ತವನ್ನು ಮುಚ್ಚುವುದು ಹೇಗೆ? ಜೊಂಡಿನ ಅಂಚು ಬೆರಳು ಕೊಯ್ದರೆ ನಾವು ಆ ಕೈಯನ್ನು ತಕ್ಷಣ ಹೊಳೆಗೆ ಅದ್ದುತ್ತೇವೆ. ನೀರಿನೊಳಗೆ ರಕ್ತ ಮಾತಾಡುವುದಿಲ್ಲ. ಹೊಳೆಯಮ್ಮ ಆ ಮಾತನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾಳೆ. ಸೂಜಿಗೆ ತೋಳು ಕೊಟ್ಟವರು ನಮ್ಮ ದಂಡೆಯಲ್ಲಿ ಒಬ್ಬರೂ ಇರಲಿಲ್ಲ. ನಾನು ಹೊಳೆಯಮ್ಮನ ಗುಡಿಯ ಪೂಜಾರಿ. ಈ ಕಟ್ಟಳೆಯನ್ನು ಮಕ್ಕಳಿಗೆ ಹೇಳಿಕೊಡುವುದೂ ನನ್ನ ಕೆಲಸಗಳಲ್ಲಿ ಒಂದು.

ನಮ್ಮ ದಂಡೆಗೆ ಒಂದು ಕಾಟವಿದೆ, ಕೀಲುಜ್ವರ. ಮಂಡಿ, ಮೊಣಕೈ ಊದಿಕೊಂಡು ಬೇನೆ ಕ್ರಮೇಣ ಎದೆಗೆ ಇಳಿಯುತ್ತದೆ. ಪೇಟೆಯಲ್ಲಿ ಅಪರೂಪ, ನಮ್ಮಲ್ಲಿ ಮನೆ ಬಿಟ್ಟು ಮನೆ. ಅದಕ್ಕೆಂದು ಆಸ್ಪತ್ರೆಗೆ ಒಂದು ಕಂದು ಬಣ್ಣದ ಮದ್ದು ಬಂತು. ಪೇಟೆಯ ಮಕ್ಕಳು ಕುಡಿದು ಎದ್ದು ಓಡಾಡಿದರು. ಕೀಲು ಊದಿಕೊಂಡಿದ್ದ ನನ್ನ ಮಗಳೂ ತಂದು ಕುಡಿದಳು. ಬಾಟಲಿಯ ಮುಚ್ಚಳದೊಳಗೆ ಒಂದು ಗೆರೆ ಇತ್ತು. ಆ ಗೆರೆಗೆ ಸರಿಯಾಗಿ ಬಗ್ಗಿಸಿಕೊಂಡು, ಬೆಳಕಿಗೆ ಹಿಡಿದು ನೋಡಿ, ಕುಡಿದಳು. ಮಾರನೆಯ ಸಂಜೆ ಅವಳ ಮೈ ಪಾದದಿಂದ ತಣ್ಣಗಾಗುತ್ತಾ ಬಂತು. ಹಾಗೇ ಹೋದಳು, ಅದು ಕಾರ್ತಿಕ ಮಾಸ. ಅವಳು ಅರ್ಧ ಹೆಣೆದ ಚಾಪೆ ಜಗುಲಿಯ ಮೇಲೆಯೇ ಇತ್ತು. ಅದನ್ನು ಸುತ್ತಿಡಲು ನನಗೂ ಮನಸ್ಸಾಗಲಿಲ್ಲ, ಅವಳ ಮಗಳು ಸಂಪಿಗೂ ಮನಸ್ಸಾಗಲಿಲ್ಲ. ಅಳಿಯ ಜೊಂಡು ಕೊಯ್ಯಲು ದೋಣಿ ಹತ್ತಿ ಹೋದವನು ವಾರಕ್ಕೊಮ್ಮೆ ಬರುತ್ತಿದ್ದ, ಉಂಡು ಮಲಗಿ ಎದ್ದು ಹೋಗುತ್ತಿದ್ದ.

ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಗುಡಿಯಲ್ಲಿದ್ದರೆ ದಂಡೆ ಕರೆಯುತ್ತಿತ್ತು. ದಂಡೆಗೆ ಬಂದರೆ, ದೀಪ ಹಚ್ಚಿದೆನೋ ಇಲ್ಲವೋ ಎಂದು ಗುಡಿಗೆ ಓಡುತ್ತಿದ್ದೆ. ಆರತಿ ಎತ್ತಿದ ಕೈ ಅರ್ಧಕ್ಕೆ ನಿಲ್ಲುತ್ತಿತ್ತು. ತುತ್ತು ಬಾಯಿಗೆ ಇಟ್ಟುಕೊಂಡೇ ಎದ್ದು ಹೊರಗೆ ಹೋಗಿ ಹೊಳೆ ನೋಡಿ ಬರುತ್ತಿದ್ದೆ. ಅವಳ ಹೆಸರು ಹೊತ್ತು ಗೊತ್ತಿಲ್ಲದೆ ಗಂಟಲಿಗೆ ಬರುತ್ತಿತ್ತು, ನೀರು ಕುಡಿದು ನುಂಗುತ್ತಿದ್ದೆ.

"ಅಣ್ಣಾ, ನೀನು ಹಿಂಗೆ ತಿರುಗ್ತಿದ್ರೆ ಈ ದಂಡೇಲಿ ಗರಿಕೆ ಹುಟ್ಟಲ್ಲ ಕಣೋ. ಒಂದು ಗಳಿಗೆ ಕುಂತ್ಕೋ" ಎನ್ನುತ್ತಿದ್ದಳು ತಂಗಿ ಸಾಕವ್ವ. ಅವಳು ಗಂಡನನ್ನು ಕಳೆದುಕೊಂಡು ಬಂದು ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಅವಳ ನಾಲಿಗೆಯ ಮೇಲೆ ಜೊಂಡಿನ ಅಂಚಿದೆ ಎಂದು ದಂಡೆಯಲ್ಲಿ ಮಾತು.

ಮಾಘದಲ್ಲಿ ಸಂಪಿಯ ಮಂಡಿ ಊದಿತು. ಅವಳು ಯಾರಿಗೂ ಹೇಳದೆ ಲಂಗ ಇಳಿಬಿಟ್ಟುಕೊಂಡು ನಡೆಯುತ್ತಿದ್ದಳು. ಹೊಸ್ತಿಲು ದಾಟುವಾಗ ಬಾಗಿಲು ಹಿಡಿದದ್ದನ್ನು ನಾನು ನೋಡಿದೆ.

ಅದೇ ದಿನಗಳಲ್ಲಿ ಆಸ್ಪತ್ರೆಯವರು ಜೀಪಿನಲ್ಲಿ ಬಂದರು. ಜೀಪಿನ ತಲೆಯ ಮೇಲೆ ಮೈಕು ಕಟ್ಟಿದ್ದರು. ಕೀಲುಜ್ವರದ ಸಂಶೋಧನೆಗೆ ರಕ್ತ ಕೊಟ್ಟು ಸಹಕರಿಸಬೇಕು, ಕೊಟ್ಟವರಿಗೆ ಒಂದು ಪ್ಲಾಸ್ಟಿಕ್ ಬಕೆಟ್ ಉಚಿತ ಎಂದು ಕೂಗಿದರು. ನಮ್ಮವರು ಮಕ್ಕಳನ್ನು ಎಳೆದುಕೊಂಡು ಬಾಗಿಲು ಹಾಕಿದರು. ಸಾಕವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಎಷ್ಟು ಇಳುಸ್ಕೋತಾರೋ ನೋಡ್ರವ್ವ, ಬಕೇಟೇ ತಂದವ್ರೆ!" ಎಂದಳು. ಜೀಪು ತಿರುಗಿ ಹೋಯಿತು.

ಆಮೇಲೆ ಒಬ್ಬ ಡಾಕ್ಟರಮ್ಮ ದೋಣಿಯಲ್ಲಿ ಒಬ್ಬರೇ ಬಂದರು. ಫಿಲೋಮಿನಾ ಎಂದು ಹೆಸರು. ಪೆಟ್ಟಿಗೆ ಇಲ್ಲ, ಸೂಜಿ ಇಲ್ಲ. ನಮ್ಮ ಜಗುಲಿಯ ಕೆಳಗೆ ಚಪ್ಪಲಿ ಬಿಟ್ಟು ಕುಳಿತರು. ಚಾಪೆ ಹೆಣೆಯುತ್ತಿದ್ದ ಹೆಂಗಸರು ನಾಲ್ಕು ಮಂದಿ ಸುತ್ತ ಸೇರಿದರು. ಮಾತು ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಆಕೆ ನನ್ನ ಕಡೆ ತಿರುಗಿ, "ಅಜ್ಜ, ನಿಮ್ಮ ಮಗಳೂ ಇದರಲ್ಲೇ ಹೋದರಂತೆ. ಏನು ಹೆಸರು ಅವರದು?" ಎಂದು ಕೇಳಿದರು.

ಹೆಂಗಸರು ಕೈಯ ಜೊಂಡನ್ನು ಅಲ್ಲೇ ಬಿಟ್ಟು ಎದ್ದರು. ನಾನೂ ಎದ್ದು ಗುಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಳಗೆ ಮೂಲೆಯಿಂದ ಮೂಲೆಗೆ ನಡೆದೆ. ಆಕೆ ಖಾಲಿ ಜಗುಲಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಹೋದರಂತೆ.

ಮರುದಿನ ಬೆಳಿಗ್ಗೆ ಮತ್ತೆ ಬಂದರು. "ಕೇಳಬಾರದ್ದು ಕೇಳಿದೆ ಅಂತ ಗೊತ್ತಾಯ್ತು. ಯಾಕೆ ಕೇಳಬಾರದು ಅಂತ ಗೊತ್ತಿಲ್ಲ. ಹೇಳಿಕೊಡ್ತೀರಾ?" ಎಂದರು.

"ಪಿಲ್ಲಮ್ಮಾ, ಇಲ್ಲಿ ಕುಂತ್ಕೋ ಬಾ. ನಿನ್ನ ಹೆಸರು ಪೂರ್ತಿ ಹೇಳಾಕೆ ನಂಗೆ ಹಲ್ಲಿಲ್ಲ" ಎಂದು ಸಾಕವ್ವ ಜಾಗ ಬಿಟ್ಟಳು. ಹೊಳೆಯ ವಿಷಯ, ಹಗ್ಗದ ವಿಷಯ ಎಲ್ಲ ಅವಳೇ ಹೇಳಿದಳು. ಡಾಕ್ಟರಮ್ಮ ನಡುವೆ ಬಾಯಿ ಹಾಕಲಿಲ್ಲ, ನಗಲೂ ಇಲ್ಲ. ಮಾತು ಮುಗಿದ ಮೇಲೆ ನಾನು ಒಳಗಿನಿಂದ ಆ ಬಾಟಲಿಯ ಮುಚ್ಚಳ ತಂದು ಆಕೆಯ ಮುಂದಿಟ್ಟೆ.

"ಈ ಗೆರೆ ಯಾರು ಹಾಕಿದ್ದು?"

"ಪೇಟೆಯವರ ರಕ್ತ ನೋಡಿ ಹಾಕಿದ್ದು, ಅಜ್ಜ. ನಿಮ್ಮ ದಂಡೆಯವರು ಅದರಲ್ಲಿ ಒಬ್ಬರೂ ಇರಲಿಲ್ಲ."

"ಅಂದ್ರೆ ನನ್ನ ಮಗಳು ಬ್ಯಾರೆಯೋರ ಅಳತೆ ಕುಡಿದು ಹೋದ್ಲು."

ಆಕೆ ತಲೆ ತಗ್ಗಿಸಲಿಲ್ಲ. "ನನಗೆ ಹಾಗೇ ಅನ್ನಿಸುತ್ತೆ. ನಿಮ್ಮನ್ನ ಕೇಳದೇನೇ, ನಿಮಗೂ ಅದೇ ಸರಿ ಅಂದುಕೊಂಡ್ವಿ. ತಪ್ಪು ನಮ್ಮದು. ಈಗಲೂ ನಿಮ್ಮ ರಕ್ತ ನೋಡದೆ ನಿಮ್ಮ ಗೆರೆ ಎಲ್ಲಿ ಅಂತ ಯಾರಿಗೂ ಹೇಳೋಕೆ ಆಗಲ್ಲ."

"ನಾನು ಕೊಟ್ರೆ ನನ್ನ ಮೊಮ್ಮಗಳು ಉಳೀತಾಳಾ?"

"ಆ ಮಾತು ಕೊಡಲಾರೆ. ಅಳತೆ ಸಿಗಬಹುದು, ಸಿಗದೇನೂ ಇರಬಹುದು. ಮತ್ತೆ, ಒಬ್ಬರು ಕೊಟ್ಟರೆ ಸಾಲದು ಅಜ್ಜ. ದಂಡೆಯ ಬಹಳ ಮಂದಿ ಕೊಡಬೇಕು. ಬೇಡ ಅಂದವರಿಗೆ ಆಸ್ಪತ್ರೆ ಬಾಗಿಲೇನೂ ಮುಚ್ಚಲ್ಲ, ಅದು ಖಂಡಿತ."

ಉಳಿಯುತ್ತಾಳೆ ಎಂದು ಸುಳ್ಳಾದರೂ ಹೇಳಿದ್ದರೆ ನನಗೆ ಅಂದು ಸಮಾಧಾನವಾಗುತ್ತಿತ್ತು. ಹೇಳಲಿಲ್ಲವೆಂದೇ ಆಕೆಯನ್ನು ನಂಬಿದೆ.

ಸಂಜೆ ಹೊಳೆಯಮ್ಮನ ಮುಂದೆ ಕುಳಿತು ಹೂ ಕೇಳಿದೆ. ವಿಗ್ರಹದ ಎರಡೂ ಭುಜದ ಮೇಲೆ ಒದ್ದೆ ಹೂ ಇಡುತ್ತೇವೆ. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. "ತಾಯಿ, ನನ್ನ ಮಗಳು ನಿನ್ನ ನೀರಿನಲ್ಲಿದ್ದಾಳೆ, ಅವಳ ಮಗಳು ನನ್ನ ಮನೆಯಲ್ಲಿದ್ದಾಳೆ. ಒಬ್ಬಳನ್ನು ಕೂಗದೆ ಇನ್ನೊಬ್ಬಳು ಉಳಿಯುವುದಿಲ್ಲವಂತೆ. ನಾನೇನು ಮಾಡಲಿ?" ಎಂದೆ. ಎರಡು ಹೂವೂ ಅಂಟಿಕೊಂಡೇ ಇದ್ದವು. ಎಣ್ಣೆ ತೀರಿ ದೀಪ ಸಣ್ಣದಾಯಿತು. ಅಷ್ಟು ವರ್ಷ ಪೂಜೆ ಮಾಡಿದ ನನಗೆ ಆಕೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಮಾರನೆಯ ದಿನ ಗುಡಿಯ ಕಟ್ಟೆಯ ಮೇಲೆ ದಂಡೆಯವರೆಲ್ಲ ಸೇರಿದರು. ಡಾಕ್ಟರಮ್ಮನೂ ಬಂದು ಒಂದು ಕಡೆ ಕುಳಿತರು. ರಕ್ತ ತೆಗೆಯುವುದಾದರೆ ಆಸ್ಪತ್ರೆಯಲ್ಲಿ ಬೇಡ, ನಮ್ಮ ದಂಡೆಯಲ್ಲೇ ಆಗಲಿ ಎಂದರು ಕೆಲವರು. ಆಕೆ ಒಪ್ಪಿದರು. ಕೆಲಸ ಮುಗಿದ ಮೇಲೆ ಉಳಿದದ್ದನ್ನು ತಂದು ಹೊಳೆಗೇ ಬಿಡಬೇಕು, ಏನು ತಿಳಿಯಿತೆಂದು ಮೊದಲು ನಮಗೆ ಹೇಳಬೇಕು ಎಂದರು ಇನ್ನು ಕೆಲವರು. ಅದಕ್ಕೂ ಒಪ್ಪಿದರು. ಸಾಕವ್ವ, "ನೀರಲ್ಲಿ ಮುಳುಗಿಸಿ ಮಡಗಿದ್ರೆ ರಕ್ತ ಮಾತಾಡಲ್ವಲ್ಲ, ಹಂಗೇ ತಗೊಂಡು ಹೋಗಮ್ಮ" ಎಂದಳು. ಎಲ್ಲರ ಮುಖದಲ್ಲೂ ಒಂದು ಆಸೆ ಕಾಣಿಸಿತು.

"ನೀರು ಬೆರೆತರೆ ರಕ್ತ ಕೆಡುತ್ತೆ, ಏನೂ ಗೊತ್ತಾಗಲ್ಲ. ಅದು ಮಾತಾಡೋದನ್ನ ನಾನು ತಡೆಯಲಾರೆ. ಇಲ್ಲಿ ನಾನೊಬ್ಬಳೇ ತೆಗೀತೀನಿ. ಆಸ್ಪತ್ರೆಯಲ್ಲಿ ಸೀಸೆ ತೆರೆಯುವಾಗ ನಿಮ್ಮವರೊಬ್ಬರು ಪಕ್ಕದಲ್ಲೇ ಕೂತಿರಲಿ. ನನ್ನ ಕೈಲಿ ಆಗೋದು ಅಷ್ಟೇ" ಎಂದರು ಡಾಕ್ಟರಮ್ಮ.

ದುಂಡಯ್ಯ ಎದ್ದು ನಿಂತ. ಅವನ ತಮ್ಮ ದೋಣಿ ಮಗುಚಿ ಹೋದವನು. "ಪೂಜಾರಪ್ಪ, ಸತ್ತೋರ ಹೆಸರೆತ್ತಬ್ಯಾಡಿ ಅಂತ ನಮ್ಮ ಮಕ್ಕಳಿಗೆ ಹೇಳ್ಕೊಟ್ಟೋನು ನೀನು. ಮೊಮ್ಮಗಳ ಮಂಡಿ ಊದಿದ ಕೂಡ್ಲೆ ನಿನ್ನ ಕಟ್ಟಳೆ ಇಳುದೋಯ್ತಾ?"

ನನಗೆ ಸಿಟ್ಟು ಬರಲಿಲ್ಲ. ಆ ಮಾತನ್ನು ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೆ. "ದುಂಡಯ್ಯ, ಒಂದು ಮಾತು ಕೇಳು. ನನ್ನ ಮಗಳ ಹೆಸರು ಇಡಾಕೆ ನಮ್ಮ ಮನೇಲಿ ಒಂದು ಕೂಸು ಹುಟ್ಟಬೇಕು. ಹೆರೋಳು ಇನ್ಯಾರು ಅವ್ಳೆ? ಸಂಪಿ ಒಬ್ಳೇ. ಅವಳೂ ಹೋದ್ರೆ ನಾನು ಬಾಯಿ ಹೊಲ್ಕೊಂಡು ಕುಂತ್ರೂ ನನ್ನ ಮಗಳ ಹಗ್ಗ ಬಿಚ್ಚೋರು ಇಲ್ಲ. ನಿಮಗೆ ಯಾರಿಗೂ ನಾನು ಕೊಡಿ ಅನ್ನಲ್ಲ. ನಾಳೆ ಬೆಳಿಗ್ಗೆ ನಾನು ಕೊಡ್ತೀನಿ."

ಎಲ್ಲರೂ ಎದ್ದು ಹೋದರು. ಮಗಳನ್ನು ನಾನು ಕರೆಯುವುದು ಅವಳ ಒಳ್ಳೆಯದಕ್ಕೋ ಅಥವಾ ಒಮ್ಮೆ ಆ ಹೆಸರು ಕೇಳಬೇಕೆಂಬ ನನ್ನ ಆಸೆಗೋ ಎಂದು ನನಗೆ ಹೊಳೆಯಲಿಲ್ಲ. ಮನೆಯಿಂದ ಗುಡಿಗೆ, ಗುಡಿಯಿಂದ ದಂಡೆಗೆ ತಿರುಗುತ್ತಲೇ ಇದ್ದೆ.

ಬೆಳಿಗ್ಗೆ ಸ್ನಾನ ಮಾಡಿ, ಮಗಳ ಅರ್ಧ ಚಾಪೆಯನ್ನು ಎತ್ತಿಕೊಂಡು ಹೋಗಿ ದಂಡೆಯ ಮೇಲೆ ಹಾಸಿ ಕುಳಿತೆ. ಸಂಪಿ ನನ್ನ ಬೆನ್ನಿಗೆ ಒರಗಿ ಕುಳಿತಳು. ಉಳಿದವರು ದೂರದಲ್ಲಿ ಮನೆಗಳ ಮುಂದೆ ನಿಂತಿದ್ದರು. ಡಾಕ್ಟರಮ್ಮ ತೋಳಿಗೆ ಪಟ್ಟಿ ಕಟ್ಟಿ, "ಈಗಲೂ ಬೇಡ ಅಂದರೆ ಬೇಡ, ಅಜ್ಜ" ಎಂದರು. ನಾನು ಕಣ್ಣು ಮುಚ್ಚಿದೆ.

ಸೀಸೆಗೆ ಇಳಿದ ಕೂಡಲೇ ರಕ್ತ ನನ್ನ ಮಗಳ ಹೆಸರು ಹೇಳಿತು. ಸಂಜೆ ಜೊಂಡಿನ ನಡುವೆ ಆಡುತ್ತಿದ್ದ ಅವಳನ್ನು ಊಟಕ್ಕೆ ಕರೆಯುತ್ತಿದ್ದೆನಲ್ಲ, ಅದೇ ದನಿ. ಕೊನೆಯ ಅಕ್ಷರ ಎಳೆದು, ಸ್ವಲ್ಪ ಗದರಿಸುವಂತೆ. ಮತ್ತೆ ಹೇಳಿತು. ಮತ್ತೆ. ಡಾಕ್ಟರಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಿರಲಿಲ್ಲ. ಸೂಜಿ ಹಿಡಿದ ಕೈಯನ್ನು ಅಲುಗಿಸಲೂ ಇಲ್ಲ. ದಂಡೆಯವರೆಲ್ಲ ಹೊಳೆಯ ಕಡೆ ತಿರುಗಿದ್ದರು. ನಾನೂ ಕಣ್ಣು ತೆರೆದು ನೋಡಿದೆ. ನಡುವೆ ನೀರು ಎಂದಿನಂತೆ ಹರಿಯುತ್ತಿತ್ತು. ಅಲ್ಲಿ ಏನೂ ಕಾಣಲಿಲ್ಲ. ಆದರೂ ಅವಳು ಅಲ್ಲಿ ನಿಂತು ನಮ್ಮ ಕಡೆ ನೋಡುತ್ತಿದ್ದಾಳೆ ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಸಾಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಡದಡ ಇಳಿದು ಬಂದಳು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಬೈಯುತ್ತಿತ್ತು. "ನಿಂತ್ಕೊಂಡು ಏನು ನೋಡ್ತೀರ್ರೋ? ಕೂಸು ನಡುಹೊಳೇಲಿ ಒಬ್ಳೇ ನಿಂತವ್ಳೆ, ಕಾಣಾಕಿಲ್ವಾ? ಜೊತೆಗೆ ಯಾರಾದ್ರೂ ಬ್ಯಾಡ್ವಾ? ಪಿಲ್ಲಮ್ಮ, ತಗೋ ನನ್ನ ತೋಳು. ನನ್ನ ಗಂಡನ್ನ ಕರೀತೀನಿ. ಬದುಕಿದ್ದಾಗ ಕೂಗಿದ್ರೆ ಒಂದು ದಿನ ಬಂದೋನಲ್ಲ, ಈಗಾದ್ರೂ ಬಂದು ಅವಳ ಪಕ್ಕ ನಿಂತ್ಕೊಳ್ಳಲಿ."

ಅವಳ ರಕ್ತ ಗಂಡನ ಹೆಸರನ್ನು ಬೈಗುಳದ ಜೊತೆಗೇ ಹೇಳಿತು. ಅಂಥ ಹೊತ್ತಿನಲ್ಲೂ ಯಾರೋ ನಕ್ಕರು. ಆಮೇಲೆ ಅವಳ ನೆರೆಯವಳು ಬಂದಳು, ತನ್ನ ಅತ್ತೆಯನ್ನು ಕರೆದಳು. ಇನ್ನೊಬ್ಬಳು ಹಾಲುಗಲ್ಲದ ಮಗುವನ್ನು ಕರೆದಳು. ಸಾಕವ್ವ ಹೊಳೆಯ ಕಡೆ ಕೈ ಬೀಸಿ, "ಅವ್ಳು ಎತ್ಕೋತಾಳೆ ಬಿಡು, ಹೆದರಬ್ಯಾಡ" ಎಂದಳು. ಒಬ್ಬರ ಹಿಂದೆ ಒಬ್ಬರು ಬಂದು ಚಾಪೆಯ ಮೇಲೆ ಕುಳಿತು ಎದ್ದರು. ಸೀಸೆಗಳು ಒಟ್ಟಿಗೆ ಮಾತಾಡುವುದು ಸಂತೆಯ ಗದ್ದಲದಂತೆ ಕೇಳಿಸುತ್ತಿತ್ತು. ಕೊನೆಗೆ ದುಂಡಯ್ಯ ಬಂದ. ನನ್ನ ಮುಖ ನೋಡಲಿಲ್ಲ. "ನನ್ನ ತಮ್ಮ ಈಜೋದ್ರಲ್ಲಿ ಗಟ್ಟಿಗ. ನೀರು ಜಾಸ್ತಿಯಾದ್ರೆ ಕೈ ಹಿಡ್ಕೋತಾನೆ" ಎಂದು ತೋಳು ಚಾಚಿದ.

ಡಾಕ್ಟರಮ್ಮ ಸಂಪಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಅವಳನ್ನೇ ಕೇಳಿದರು: "ನಿನ್ನದೂ ಬೇಕು ಪುಟ್ಟಿ. ಅಜ್ಜ ಹೂಂ ಅಂದರೂ ನೀನು ಬೇಡ ಅಂದರೆ ತಗೊಳ್ಳಲ್ಲ." ಸಂಪಿ ಬಹಳ ಹೊತ್ತು ಯೋಚಿಸಿ ಕೈ ಕೊಟ್ಟಳು. ಅವಳ ರಕ್ತ ತಾಯಿಯ ಹೆಸರು ಹೇಳಲಿಲ್ಲ. "ಅವ್ವ ಕುಡಿದ ಬಾಟ್ಲಿ ನಂಗೆ ಬ್ಯಾಡ, ನಂಗೆ ಬ್ಯಾಡ, ಅಜ್ಜಂಗೆ ಹೇಳಬ್ಯಾಡ" ಎಂದಿತು. ಅವಳು ನನ್ನ ಪಂಚೆಯೊಳಗೆ ಮುಖ ಮುಚ್ಚಿಕೊಂಡಳು. ಅವಳು ಮಂಡಿ ಮುಚ್ಚಿಟ್ಟುಕೊಂಡು ನಡೆದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಸೀಸೆ ತೆರೆಯುವಾಗಲೆಲ್ಲ ನಾನೇ ಹೋಗಿ ಕುಳಿತೆ. ದಂಡೆಯ ಸತ್ತವರೆಲ್ಲ ನನ್ನ ಕಿವಿಯಲ್ಲಿ ಒಮ್ಮೆ ಹಾದುಹೋದರು. ಚೈತ್ರ ಬಂತು, ವೈಶಾಖ ಬಂತು. ನಾನು ಕೇಳಿದಾಗಲೆಲ್ಲ ಡಾಕ್ಟರಮ್ಮ "ಇನ್ನೂ ಗೊತ್ತಾಗಿಲ್ಲ" ಎಂದೇ ಹೇಳಿದರು. ಸಂಪಿಗೆ ಈಗ ನಡೆಯಲಾಗುತ್ತಿರಲಿಲ್ಲ. ಸಾಕವ್ವ ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ನಾನು ಬೆಳಗಾದರೆ ಹೊಳೆಯ ನಡುವೆ ನೋಡುತ್ತಿದ್ದೆ, ಮಗಳು ಇನ್ನೂ ನಿಂತಿದ್ದಾಳೋ ಎಂದು. ಬೈಗಾದರೆ ಸಂಪಿಯ ಎದೆಯ ಮೇಲೆ ಕೈಯಿಡುತ್ತಿದ್ದೆ, ಬೇನೆ ಅಲ್ಲಿಗೆ ಇಳಿಯಿತೋ ಎಂದು.

ಮಳೆಗಾಲದ ಮೊದಲ ಮೋಡ ಕಟ್ಟಿದ ದಿನ ದೋಣಿ ಬಂತು. ಡಾಕ್ಟರಮ್ಮನ ತೊಡೆಯ ಮೇಲೆ ಒದ್ದೆ ಬಟ್ಟೆ ಸುತ್ತಿದ ಪೆಟ್ಟಿಗೆ ಇತ್ತು. ಪೇಟೆಯಲ್ಲಿ ಯಾರಿಗೂ ಹೇಳುವ ಮೊದಲು ನಮ್ಮನ್ನು ಕಟ್ಟೆಯ ಮೇಲೆ ಸೇರಿಸಿ ಹೇಳಿದರು. ಆ ಮದ್ದು ಪೇಟೆಯವರ ರಕ್ತದಲ್ಲಿ ಬೇಗ ಕರಗಿ ಹೋಗುತ್ತದೆ. ನಮ್ಮವರಲ್ಲಿ ಹೆಚ್ಚಿನವರ ರಕ್ತದಲ್ಲಿ ಕರಗದೆ ನಿಲ್ಲುತ್ತದೆ, ನಿಂತು ವಿಷವಾಗುತ್ತದೆ. ಒಂದು ಹೊಸ ಮುಚ್ಚಳ ತೋರಿಸಿದರು. ಹಳೆಯ ಗೆರೆಯ ಅರ್ಧಕ್ಕೂ ಕೆಳಗೆ ಒಂದು ಕೆಂಪು ಗೆರೆ. ದುಂಡಯ್ಯ ಅದನ್ನು ಇಸಿದುಕೊಂಡು ಬೆರಳಿನ ಉಗುರಿನಿಂದ ಅಳೆದು ನೋಡಿ, ಪಕ್ಕದವನಿಗೆ ದಾಟಿಸಿದ. ಅದು ಕಟ್ಟೆಯನ್ನೆಲ್ಲ ಸುತ್ತಿ ನನ್ನ ಕೈಗೆ ಬಂತು. ಆಮೇಲೆ ನಾವೆಲ್ಲ ಹೊಳೆಗಿಳಿದು, ಉಳಿದ ರಕ್ತವನ್ನು ನೀರಿಗೆ ಬಿಟ್ಟೆವು. ಸೀಸೆಯ ಬಾಯಿ ನೀರಿಗೆ ತಾಗುವವರೆಗೂ ಅವು ಮಾತಾಡುತ್ತಿದ್ದವು.

"ಒಂದು ದಿನ ನಾನು ಇಲ್ಲೇ ಇರ್ತೀನಿ, ಕುಡಿದ ಮೇಲೆ ನೋಡಬೇಕು" ಎಂದರು ಡಾಕ್ಟರಮ್ಮ. ಸಂಪಿ ಮುಚ್ಚಳವನ್ನು ತನ್ನ ತಾಯಿಯಂತೆಯೇ ಬೆಳಕಿಗೆ ಹಿಡಿದು ನೋಡಿದಳು. ನನಗೆ ಅದನ್ನು ಕಿತ್ತು ಎಸೆಯಬೇಕೆನಿಸಿತು.

"ಅಜ್ಜ, ಇದು ನಮ್ಮ ಅಳತೆನಾ?"

"ನಮ್ದೇ ಕಣವ್ವ."

ಕುಡಿದಳು. ಮುಖ ಹಿಂಡಿ ಬೆಲ್ಲ ಕೇಳಿದಳು.

ಮಾರನೆಯ ಸಂಜೆ ಬಂತು. ಡಾಕ್ಟರಮ್ಮನೂ ಸಾಕವ್ವನೂ ಜಗುಲಿಯ ಮೇಲಿದ್ದರು. ನಾನು ದೀಪ ಹಚ್ಚಿ ಸಂಪಿಯ ಪಾದ ಹಿಡಿದು ಕುಳಿತೆ. ಬ್ರಾಹ್ಮೀ ಮುಹೂರ್ತದ ಜಪಕ್ಕೂ ಅಷ್ಟು ಅಲುಗಾಡದೆ ನಾನು ಕುಳಿತವನಲ್ಲ. ಬೆರಳು ಬೆಚ್ಚಗಿತ್ತು. ಹಿಮ್ಮಡಿ ಬೆಚ್ಚಗಿತ್ತು. ಕೈ ತೆಗೆದು ಮತ್ತೆ ಇಟ್ಟೆ, ಬೆಚ್ಚಗೇ ಇತ್ತು. ಎಷ್ಟೋ ಹೊತ್ತಿಗೆ ಅವಳು, "ಕಚಗುಳಿ ಆಯ್ತದೆ, ಬಿಡಜ್ಜ. ಹೊಟ್ಟೆ ಹಸೀತೈತೆ" ಎಂದಳು.

ಆಗ ಗೋಡೆಯ ಮೇಲೆ ಒಂದು ಸೊಳ್ಳೆ ಬಂದು ಕುಳಿತಿತು. ನನ್ನ ಮೊಣಕೈಯಲ್ಲಿ ತುರಿಕೆ ಇತ್ತು. ಅದು ಕುಡಿದದ್ದು ನನ್ನ ರಕ್ತ. ಸಣ್ಣ ದನಿಯಲ್ಲಿ ಅದು ನನ್ನ ಮಗಳನ್ನು ಕರೆಯತೊಡಗಿತು, ಕೊನೆಯ ಅಕ್ಷರ ಎಳೆದು, ಊಟಕ್ಕೆ ಕರೆಯುವಂತೆ. ನಾನು ಕೈ ಎತ್ತಿದೆ.

"ಹೊಡಿ ಅಜ್ಜ, ಅವ್ವನ ಹೆಸರು ಹೇಳ್ತೈತೆ" ಎಂದಳು ಸಂಪಿ.

ಎತ್ತಿದ ಕೈಯನ್ನು ಇಳಿಸಿ ಮತ್ತೆ ಅವಳ ಪಾದದ ಮೇಲಿಟ್ಟೆ. "ಇರಲಿ ಬಿಡು ಮಗ. ಅವಳ ಜೊತೆಗೆ ಅಷ್ಟು ಜನ ಅವ್ರೆ. ನೀನು ಏಳು, ಉಣ್ಣು" ಎಂದೆ.